ಫಯಾಜನ ಎಡಮುಷ್ಟಿ

"ಎಳೀಬೇಡ್ರೀ, ಮುರಿದೀತು!" ಮರೆಗೆ ಹಿಡಿದಿದ್ದ ಬೆಡ್‌ಶೀಟಿನ ಆಚೆಯಿಂದ ಗುಲ್ಜಾರ್‌ಬೀ ಕೂಗಿದಳು.

ಬುಡನ್‌ಸಾಬ್ ಬೆಚ್ಚಿ ಮಗನ ಎಡಗೈ ಬಿಟ್ಟ. ಹಲಗೆಯ ಮೇಲೆ ಮಲಗಿಸಿದ್ದ ಫಯಾಜನ ಕೈ ಮತ್ತೆ ಗದ್ದದಡಿಗೇ ಹೋಗಿ ಕೂತಿತು. ಬೆಳಗಿನ ನಮಾಜಿನ ಹೊತ್ತಿಗೆ ಉಸಿರು ನಿಂತಿದ್ದ ಮೈ ಇನ್ನೂ ಆರಿರಲಿಲ್ಲ. ಹೆರಿಗೆಯಲ್ಲೇ ಮಿದುಳಿಗೆ ಪೆಟ್ಟಾಗಿ ಕೈಕಾಲು ಸೆಟೆದುಕೊಂಡಿದ್ದ ಮಗನನ್ನು ಇಪ್ಪತ್ತೊಂಬತ್ತು ವರ್ಷ ಮೀಯಿಸಿದವಳು ತಾಯಿ ಗುಲ್ಜಾರ್‌ಬೀ. ಇವತ್ತು ಮಾತ್ರ ಅವಳು ಮುಟ್ಟುವಂತಿಲ್ಲ. ಗಂಡಸು ಸತ್ತರೆ ಮಯ್ಯತ್ತನ್ನು ಗಂಡಸರೇ ತೊಳೆಯಬೇಕು. ಜಗಳೂರಿನ ಅರ್ಧ ಊರಿಗೆ ಹಾಸಿಗೆ ಹೊಲಿದುಕೊಟ್ಟ ಬುಡನ್‌ಸಾಬ್, ಸ್ವಂತ ಮಗನ ಮೈ ಗುರುತಿಲ್ಲದೆ ಹಿತ್ತಲಲ್ಲಿ ನಿಂತಿದ್ದ.

"ಮುಷ್ಟಿ ಬಿಚ್ಚದಿದ್ರೆ ಮೇಲೇ ನೀರು ಬಿಡಾಣ ಚಾಚಾ," ಎಂದ ಮಸೀದಿಯಿಂದ ಬಂದಿದ್ದ ಅಲ್ತಾಫ್.

"ಬ್ಯಾಡಪ್ಪಾ. ಒಳಗೆ ಹತ್ತಿ ಉಂಡೆ ಐತೆ. ಅದನ್ನ ತೆಗೀರಿ," ಎಂದಳು ಗುಲ್ಜಾರ್‌ಬೀ.

"ಹತ್ತಿ ಯಾಕೆ?" ಕೇಳಿದವನು ಬುಡನ್‌ಸಾಬ್.

ಬೆಡ್‌ಶೀಟಿನ ಆಚೆಯಿಂದಲೇ ಉತ್ತರ ಬಂತು.

"ಉಗುರು ಅಂಗೈಗೆ ಚುಚ್ಚಬಾರ್ದು ಅಂತ. ದಿನಾ ಇಡ್ತಿದ್ದೆ. ನಿಮ್ಮಂಗಡೀದೇ ಹತ್ತಿ."

ಅಲ್ತಾಫ್ ಬಕೆಟ್ಟಿನೊಳಗೆ ನೋಡಿದ. ಬೆಡ್‌ಶೀಟಿನ ತುದಿ ಹಿಡಿದು ನಿಂತಿದ್ದ ಚಹದಂಗಡಿ ಜಂಪಣ್ಣ ತನ್ನ ಕಾಲು ನೋಡಿಕೊಂಡ.

*

ಊರಲ್ಲಿ ಬುಡನ್‌ಸಾಬ್ ಅಂದರೆ ಹಾಸಿಗೆಗಿಂತ ಮೊದಲು ನೆನಪಾಗುತ್ತಿದ್ದುದು ಅವನ ನಕಲು. ಜಂಪಣ್ಣನ ಬೆಂಚಿನ ಮೇಲೆ ಕೂತನೆಂದರೆ ಬಿಳಿಚೋಡು ಬಸ್ಸಿನ ಕಂಡಕ್ಟರು, ಮೂಗಿನಲ್ಲೇ ಮಾತಾಡುವ ಮೇಷ್ಟ್ರು, ಕುರಿಯ ಹಲ್ಲು ನೋಡುತ್ತಾ ತನ್ನ ಹಲ್ಲು ಕಿರಿಯುವ ದಲ್ಲಾಳಿ, ಎಲ್ಲರೂ ಅವನ ಮೈಮೇಲೆ ಬರುತ್ತಿದ್ದರು; ಕಡೆಗೆ ಆ ಕುರಿಯೂ. ಹತ್ತಿ ಹಿಂಜಿದಷ್ಟೇ ಹಗುರಾಗಿ ಮನುಷ್ಯರನ್ನೂ ಹಿಂಜುತ್ತಿದ್ದ.

"ಎಲ್ರುದೂ ಆತು. ನಿನ್ ಮಗಂದೊಂದು ಮಾಡು ನೋಡಾಣ ಸಾಬಣ್ಣ," ಅಂದಿದ್ದ ಜಂಪಣ್ಣ, ಎಂಟು ವರ್ಷದ ಹಿಂದೆ.

ಮಾಡಿಬಿಟ್ಟ. ಎಡಮುಷ್ಟಿ ಗದ್ದದಡಿಗೆ, ಕತ್ತು ಒಂದು ದಿಕ್ಕಿಗೆ, ಬಾಯಿ ಇನ್ನೊಂದು ದಿಕ್ಕಿಗೆ. "ಅ...ಬ್ಬಾ, ಚ್ಚ...ಹಾ!"

ಬೆಂಚು ಅಲುಗುವಂತೆ ನಕ್ಕರು. ಆ ನಗೆಗಳಲ್ಲೊಂದು ಬೇರೆ ಥರ ಕೇಳಿಸಿತು. ತಿರುಗಿದರೆ ಗಾಲಿಕುರ್ಚಿಯಲ್ಲಿ ಫಯಾಜ್. ಹಿಂದೆ, ಆಸ್ಪತ್ರೆಯಿಂದ ತಳ್ಳಿಕೊಂಡು ಬರುತ್ತಿದ್ದ ಗುಲ್ಜಾರ್‌ಬೀ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಮಗನೇ. ಬಲಗೈಯಲ್ಲಿ ತೊಡೆ ಬಡಿದುಕೊಂಡು, "ಇ...ನ್ನೊಂದ್ಸಲ, ಅಬ್ಬಾ!" ಅಂದ.

ಅವತ್ತು ಗುಲ್ಜಾರ್‌ಬೀ ಬೈಯಲಿಲ್ಲ, ಅಳಲಿಲ್ಲ. ರೊಟ್ಟಿ ಬಡಿಸುತ್ತಾ ಒಂದೇ ಮಾತಂದಳು: "ಅವನ ಹೆಬ್ಬೆಟ್ಟು ಮುಷ್ಟಿ ಒಳಗಿರ್ತೈತೆ. ನೀವು ಹೊರಗಿಟ್ಟಿದ್ರಿ."

ಬುಡನ್‌ಸಾಬ್ ಮತ್ತೆ ಯಾರ ನಕಲನ್ನೂ ಮಾಡಲಿಲ್ಲ. ಮಗ "ಇನ್ನೊಂದ್ಸಲ" ಎಂದಾಗಲೆಲ್ಲ ಅಂಗಡಿಗೆ ಹೊತ್ತಾಯಿತೆಂದು ಎದ್ದುಹೋದ.

*

ಅಂಗಳದಲ್ಲಿ ಪಕ್ಕದ ಮನೆಯ ಗಾದ್ರಪ್ಪನ ದನಿ ಕೇಳಿಸಿತು. "ಒಳ್ಳೇದೇ ಆತು ಬಿಡ್ರಿ. ತಾಯಿಗೂ ಬಿಡುಗಡೆ, ಮಗನಿಗೂ ಬಿಡುಗಡೆ."

"ಬಿಡುಗಡೆ ಮಾಡ್ರಿ ಅಂತ ನಾನೇನು ಅರ್ಜಿ ಹಾಕಿದ್ನಾ ಗಾದ್ರಪ್ಪಣ್ಣ?" ಗುಲ್ಜಾರ್‌ಬೀ ಬೆಡ್‌ಶೀಟಿನ ಮರೆಯಿಂದಲೇ ಕೇಳಿದಳು.



"ನನ್ ಕೈಲಿ ಆಗ್ತಿಲ್ಲ ಗುಲ್ಜಾರ್," ಎಂದ ಬುಡನ್‌ಸಾಬ್.

"ಆಗ್ತೈತೆ. ಮೊದ್ಲು ಅವನ ಮುಷ್ಟೀನ ನಿಮ್ ಕೈಲಿ ಮಾಡಿ ನೋಡ್ರಿ, ಅವತ್ತು ಮಾಡಿದ್ರಲ್ಲ ಹಂಗೆ."

ಬುಡನ್‌ಸಾಬ್ ತಲೆ ತಗ್ಗಿಸಿಕೊಂಡೇ ಎಡಗೈ ಎತ್ತಿದ. ಮಣಿಕಟ್ಟು ಮಡಚಿತು, ಮುಷ್ಟಿ ಗದ್ದದಡಿ ಸೇರಿತು, ಕರೆಯದೆಯೇ ಕತ್ತೂ ವಾಲಿತು. ಹೆಬ್ಬೆಟ್ಟು ಹೊರಗಿತ್ತು. ಅದನ್ನು ಒಳಗೆ ಸೇರಿಸಿದ. ಯಾರೂ ನಗಲಿಲ್ಲ.

ಆಗ ತಿಳಿಯಿತು: ಬೆರಳುಗಳನ್ನು ಎಳೆದಷ್ಟೂ ಅವು ಹೆಬ್ಬೆಟ್ಟನ್ನು ಕಚ್ಚುತ್ತವೆ, ಮಣಿಕಟ್ಟನ್ನೇ ಇನ್ನಷ್ಟು ಒಳಕ್ಕೆ ಬಗ್ಗಿಸಿದರೆ ತಾವಾಗಿ ಸಡಿಲುತ್ತವೆ. ಬಲಗೈಯಿಂದ ಮಗನ ಮಣಿಕಟ್ಟನ್ನು ಹಾಗೆಯೇ ಬಗ್ಗಿಸಿದ. ಬೆರಳುಗಳು ಒಂದೊಂದಾಗಿ ಬಿಟ್ಟುಕೊಟ್ಟವು. ಬೆಳ್ಳನೆಯ ಅಂಗೈಯಲ್ಲಿ ಬೆವರಿಗೆ ಹಳದಿಗಟ್ಟಿದ ಹತ್ತಿ, ಅದರ ಮೇಲೆ ಹೆಬ್ಬೆಟ್ಟಿನ ಕುಳಿ.

"ಬಂತಾ?" ಆಚೆಯಿಂದ ಗುಲ್ಜಾರ್‌ಬೀ ಕೇಳಿದಳು.

"ಬಂತು."

ಅಲ್ತಾಫ್ ಮಗ್ಗು ಚಾಚಿದ. ಬುಡನ್‌ಸಾಬ್ ಬಲಗೈಯಲ್ಲಿ ಇಸಿದುಕೊಂಡು ಮಗನ ತೆರೆದ ಅಂಗೈಗೆ ನೀರು ಬಿಟ್ಟ. ಅವನ ಎಡಮುಷ್ಟಿ ಇನ್ನೂ ಗದ್ದದಡಿಯಲ್ಲೇ ಇತ್ತು, ಹೆಬ್ಬೆಟ್ಟು ಒಳಗೆ.