ಹುತ್ತದೊಳಗಿನ ಉಳ್ಳಾಗಡ್ಡಿ

ದೇವಿಕಾ, ಮೊದಲು ಪೂರ್ತಿ ಕೇಳು, ಆಮೇಲೆ ನಗು. ಗೆದ್ದಲಿನ ಹುತ್ತ ನೋಡಿ ನೀನು ಬರೆದು ಕಳಿಸಿದ ನಕಾಶೆಯಂತೆ ಈ ನಿನ್ನಜ್ಜನ ಶಿರೋಳದ ಹೊಲದಲ್ಲಿ ಉಳ್ಳಾಗಡ್ಡಿ ಕೂಡಿಡುವ ಮನೆ ಎದ್ದಿದೆ. ಕಟ್ಟಿದವನು ಗೌಂಡಿ ಕಾಶೀಂಸಾಬ. ಕೆಳಗಿನ ತೂತುಗಳಿಂದ ತಂಪು ಗಾಳಿ ಒಳಗೆ, ನೆತ್ತಿಯ ತೂತಿನಿಂದ ಬಿಸಿ ಗಾಳಿ ಹೊರಗೆ. ಕರೆಂಟು ಬೇಡ, ಫ್ಯಾನು ಬೇಡ. ಎಪ್ಪತ್ತು ಚೀಲ ಒಳಗಿಟ್ಟೆ. ಹಸಿ ತಾಗಿದರೆ ಮಾತ್ರ ಎಲ್ಲ ಕೊಳೆತು ಹೋಗುತ್ತದೆ, ಅದೊಂದೇ ಹೆದರಿಕೆ.

ಆದರೆ ಥೇಟ್ ಹುತ್ತದಂತೆಯೇ ಯಾಕೆ ಬರೆದೆ, ನನ್ನವ್ವ? ನಾಗರಪಂಚಮಿಗೆ ತವರಿಗೆ ಬಂದ ನಮ್ಮಕ್ಕ ಶಂಕ್ರವ್ವ ಅದನ್ನು ನೋಡಿದಳು, ಕೈ ಮುಗಿದಳು, ಹಾಲಿನ ತಂಬಿಗೆ ಹಿಡಿದು ಬಂದೇಬಿಟ್ಟಳು. ಎಂಬತ್ತರ ಹತ್ತಿರದ ಮುದುಕಿ. ಹಿಂದೆ ಓಣಿಯ ಹೆಂಗಸರು, ಅವರ ಕೈಯಲ್ಲೂ ತಂಬಿಗೆ.

"ಅಕ್ಕಾ, ಒಳಗ ಉಳ್ಳಾಗಡ್ಡಿ ಅದಾವ. ನಾಗಪ್ಪ ಇಲ್ಲ."

"ನಾಗಪ್ಪ ಎಲ್ಲಿರಬೇಕಂತ ನೀ ಹೇಳಾಂವೇನಲೇ ಕನಕ್ಯಾ?"

ಬಳಗದ ಒಬ್ಬೊಬ್ಬರ ಹೆಸರಲ್ಲಿ ಕೆಳಗಿನ ತೂತಿಗೆ ಹಾಲು ಎರೆಯತೊಡಗಿದಳು. "ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು..." ನಮ್ಮ ಬಳಗ ಎಷ್ಟು ದೊಡ್ಡದು, ನಿನಗೆ ಗೊತ್ತಲ್ಲ. ಸೋದರಮಾವನ ಪಾಲು ಬರುವ ಹೊತ್ತಿಗೆ ನನ್ನ ಜೀವ ಬಾಯಿಗೆ ಬಂದಿತ್ತು.

ಕಾಶೀಂ ಮಾತ್ರ ನಗುತ್ತ ನಿಂತಿದ್ದ. ಮಳೆ ನೀರು ಒಳಗೆ ಹೋಗಬಾರದೆಂದು ತೂತುಗಳನ್ನು ಹೊರಕ್ಕೆ ಇಳಿಜಾರು ಮಾಡಿದ್ದನಂತೆ. ಹಾಲೆಲ್ಲ ತಿರುಗಿ ಅಕ್ಕನ ಪಾದದ ಮೇಲೆ.

"ಅಯ್ಯ ಶಿವನ! ನಾಗಪ್ಪ ಹಾಲು ಒಲ್ಲೆ ಅಂದ. ಏನ್ ಪಾಪ ಮಾಡೀಯೋ ಕನಕ್ಯಾ? ನಿಚ್ಚಣಿಕಿ ತಾ, ನೆತ್ತಿಗೇ ಎರೀತೀನಿ!"

ನೆತ್ತಿಯ ತೂತು ನೆಟ್ಟಗೆ ಉಳ್ಳಾಗಡ್ಡಿಯ ಮೇಲೆ! ಬೇಡವೆಂದು ಕಾಲು ಹಿಡಿದುಕೊಂಡೆ, ಅದೇ ಕಾಲಿನಿಂದ ಒದ್ದಳು. ಏರಿದಳು. ಮಳೆಗೆಂದು ಮುಚ್ಚಿದ್ದ ಹೆಂಚು ಸರಿಸಿ, ತಂಬಿಗೆ ಎತ್ತಿ, ನಾಗಪ್ಪ ಕಾಣುತ್ತಾನೇನೋ ಎಂದು ಬಗ್ಗಿದಳು. ಒಳಗಿನ ಗಾಳಿ ಭುಸ್ ಎಂದು ಮುಖಕ್ಕೆ ಹೊಡೆಯಿತು.

"ಥೂ! ಇವನ ಬಾಯಿ ಉಳ್ಳಾಗಡ್ಡಿ ನಾರತೈತಲೇ! ಶ್ರಾವಣದಾಗ ಉಳ್ಳಾಗಡ್ಡಿ ತಿಂದಾನಲ್ಲೋ!"

ಕೆಳಗಿನಿಂದ ಕಾಶೀಂ ಕೂಗಿದ, "ಗಾಳಿ ಬಿಸಿ ಐತೇನ್ರಿ ಶಂಕ್ರವ್ವಾರ?"

"ಬಿಸಿ ಅಂದ್ರ? ಮಾರಿ ಸುಟ್ಟಂಗಾತು!"

"ಶಾಬ್ಬಾಸ್! ಕೆಲಸ ಮಾಡಾಕತ್ತೈತಿ!" ಎಂದು ಕಾಶೀಂ ನನ್ನ ಬೆನ್ನಿಗೆ ಗುದ್ದಿದ ಗುದ್ದು ಇನ್ನೂ ನೋಯುತ್ತಿದೆ.

ಒಂದು ಹನಿಯೂ ಒಳಗೆ ಬೀಳಲಿಲ್ಲ, ದೇವಿಕಾ. ಅಕ್ಕ ಕಣ್ಣೀರು ಒರೆಸಿಕೊಳ್ಳುತ್ತ ಇಳಿದಳು. ತಂಬಿಗೆಗೆ ಸೆರಗು ಮುಚ್ಚಿ ಹೆಂಗಸರಿಗೆ ಹೇಳಿದಳು:

"ನಡೀರೇ, ಹಳ್ಳದ ದಂಡಿ ಹುತ್ತಕ್ಕ ಹೋಗೂಣು. ಈ ನಾಗಪ್ಪಗ ನೇಮ ಇಲ್ಲ."