ನೀಲವ್ವನ ಮಾತು ಹಿಡಿದ ಕ್ಯಾಮೆರಾ

ನಾನು ಒಂದು ವಿಡಿಯೊ ಕ್ಯಾಮೆರಾ. ಹುಟ್ಟಿದ್ದು ಜಪಾನಿನ ಕಾರ್ಖಾನೆಯೊಂದರಲ್ಲಿ, ಕಣ್ಣು ಬಿಟ್ಟಿದ್ದು ಹುಬ್ಬಳ್ಳಿಯ ಮದುವೆ ಮಂಟಪದಲ್ಲಿ. ಪುಟ್ಟ ಟೇಪನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡುತ್ತಿದ್ದ ಕಾಲದ ಯಂತ್ರ ನಾನು.

ನನ್ನ ಮೊದಲ ಒಡೆಯ ಮಲ್ಲೇಶಪ್ಪ ಬಾರಕೇರ. ಒಳ್ಳೆಯ ಮನುಷ್ಯ, ಆದರೆ ಅವನ ಗಮನ ವೇದಿಕೆ ಬಿಟ್ಟು ಕೆಳಗಿಳಿಯುತ್ತಿರಲಿಲ್ಲ. ಎಂಟು ವರ್ಷ ಅವನ ಹೆಗಲ ಮೇಲೆ ಕೂತು ಅಕ್ಷತೆ ಬೀಳುವುದನ್ನೇ ಕಂಡೆ. ಒಲೆಯ ಮುಂದೆ ಬೆವರುವ ಹೆಂಗಸರತ್ತ ತಪ್ಪಿ ತಿರುಗಿದರೆ, "ಅದು ಯಾರಿಗೆ ಬೇಕಾಗೇತಿ?" ಎಂದು ಗುಂಡಿ ಒತ್ತಿ ನನ್ನನ್ನು ನಿಲ್ಲಿಸುತ್ತಿದ್ದ.

ಟೇಪಿನ ಕಾಲ ಮುಗಿಯುತ್ತ ಬಂದಾಗ ಅವನು ನನ್ನನ್ನು ನೆಂಟರ ಹುಡುಗಿ ಕಸ್ತೂರಿಗೆ ಕೊಟ್ಟ. ಅವಳು ಗೋವಾದ ವಾಸ್ಕೊದಲ್ಲಿ ಒಂದು ಫೋಟೊ ಸ್ಟುಡಿಯೊದ ಕೆಲಸಗಾರ್ತಿ. ಅವಳ ತಾಯಿ ನೀಲವ್ವ ನಲವತ್ತು ವರ್ಷಗಳ ಹಿಂದೆ ರೋಣದ ಕಡೆಯಿಂದ ಕಲ್ಲು ಹೊರಲು ಬಂದವಳು. ಗಂಡ ಕಟ್ಟುತ್ತಿದ್ದ ಮನೆಯ ಸಾರವೆ ಮೇಲಿಂದ ಬಿದ್ದು ತೀರಿಕೊಂಡಿದ್ದ. ಹಗಲು ದುಡಿದು, ಬಿಡುವಾದಾಗ ನೀಲವ್ವ ಹೊದೆಯುವ ಕೌದಿ ಹೊಲಿಯುತ್ತಿದ್ದಳು. ಓಣಿಯವರ ಹಳೆಯ ಸೀರೆ, ಅಂಗಿಗಳೆಲ್ಲ ಅವಳ ಸೂಜಿಯಡಿ ಹೊಸ ಬಣ್ಣದ ಬಯಲಾಗುತ್ತಿದ್ದವು.

ಕಸ್ತೂರಿ ತಾಯಿಯ ಮೇಲೊಂದು ಸಾಕ್ಷ್ಯಚಿತ್ರ ಮಾಡಲು ಹೊರಟಳು. ಎರಡು ವರ್ಷ ನಾನು ಆ ಮನೆಯ ನೆಲದ ಮೇಲೆ ಕೂತು ನೀಲವ್ವನನ್ನು ನೋಡಿದೆ. ಒಂದು ದಿನ ನೀಲಿ ತುಂಡೊಂದನ್ನು ಸವರುತ್ತ ಅವಳು, "ಇದು ನಿಮ್ಮಪ್ಪನ ಅಂಗಿ" ಎಂದಳು. ಆಮೇಲೆ ನೇರ ನನ್ನ ಕಣ್ಣಿಗೇ ಕಣ್ಣಿಟ್ಟಳು.

"ಕಲ್ಲು ಹೊತ್ತು ಹೊತ್ತು ನನ್ನ ನೆತ್ತಿ ಕೂದಲಾ ಉದುರಿ ಹೋತು. ಈ ಊರಾಗ ಮೂವತ್ತೆರಡು ಮನಿ ಕಟ್ಟೇನಿ. ಅದರಾಗ ಕುಂತವರ ನನ್ನ ಹೊರಗಿನಾಕಿ ಅಂತಾರ. ಒಳಗಿನವರು ಕುಂತಿದ್ದು ಯಾರು ಕಟ್ಟಿದ ಗ್ವಾಡಿ ಒಳಗ?"

ನಾನು ಒಂದಕ್ಷರವನ್ನೂ ಬಿಡದೆ ಹಿಡಿದೆ.

ಪಣಜಿಯ ಒಂದು ಚಿತ್ರೋತ್ಸವದವರು ಚಿತ್ರವನ್ನು ಆರಿಸಿದರು. ಜೊತೆಗೆ ಪತ್ರವೂ ಬಂತು. ಕೌದಿಯ ಭಾಗ ಬಹಳ ಸೊಗಸಾಗಿದೆ, ಊರಿನವರನ್ನು ಚುಚ್ಚುವ ಆ ನಲವತ್ತು ಸೆಕೆಂಡಿನ ಮಾತನ್ನು ಮಾತ್ರ ತೆಗೆಯಬೇಕು, ಇಲ್ಲವಾದರೆ ತೋರಿಸಲಾಗದು. ಕಸ್ತೂರಿಗೆ ಅದು ಮೊದಲ ಚಿತ್ರ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ತಾಯಿಯ ಮುಂದೆ ಕೂತಳು.

"ಅವ್ವಾ, ಅಷ್ಟ ತಗದ್ರ ಏನಾಗ್ತೈತಿ?"

"ನಾ ಸುಳ್ಳ ಹೇಳೇನೇನು?"

"ಇಲ್ಲ."

"ಕತ್ತರಿ ನಾ ಜಲ್ಮ ಎಲ್ಲಾ ಹಿಡದೇನಿ. ಹರಕಾದದ್ದನ್ನ ಕತ್ತರಿಸಿ ಒಗೀತೀನಿ, ಗಟ್ಟಿ ಇದ್ದದ್ದನ್ನ ಅಲ್ಲ." ಸೂಜಿಗೆ ದಾರ ಪೋಣಿಸಿ ಮತ್ತೆ ಅಂದಳು, "ಬೇಕಂದ್ರ ನನ್ನ ಪೂರಾ ತಗದು ಹಾಕು. ಮಾತು ಬಿಟ್ಟು ಬರೇ ಕೈ ತೋರಸಬ್ಯಾಡ."

ಮರುದಿನ ಕಸ್ತೂರಿ ಚಿತ್ರವನ್ನು ಉತ್ಸವದಿಂದ ವಾಪಸು ತೆಗೆದುಕೊಂಡಳು. ಆ ಭಾನುವಾರ ಸಂಜೆ ಓಣಿಯಲ್ಲೇ ಬಿಳಿ ಧೋತರ ಕಟ್ಟಿದರು. ಸ್ಟುಡಿಯೊದ ಪ್ರೊಜೆಕ್ಟರಿಗೆ ನನ್ನಿಂದಲೇ ವೈರು ಎಳೆದರು. ಜನ ಚಾಪೆ ಹಿಡಿದು ಬಂದರು. ನೀಲವ್ವನ ಆ ಮಾತು ಬಂತು. ಪಕ್ಕದ ದೊಡ್ಡ ಮನೆಯ ಸೆಬಾಸ್ತಿಯಾನಾಬಾಯಿ, ಅದೇ ಊರಲ್ಲಿ ಹುಟ್ಟಿದ ಮುದುಕಿ, ಕುರ್ಚಿಯಿಂದ ಎದ್ದು ನಿಂತಳು. ಕಸ್ತೂರಿ ಗುಂಡಿ ಒತ್ತಿ ನನ್ನನ್ನು ನಿಲ್ಲಿಸಿದಳು. ಮುದುಕಿ ಕೊಂಕಣಿಯಲ್ಲಿ ಗಟ್ಟಿಯಾಗಿ, "ನನ್ನ ಮನೆಯ ಗೋಡೆಗೂ ಇವಳೇ ಕಲ್ಲು ಹೊತ್ತಿದ್ದು, ನಾನೇ ಕಂಡಿದ್ದೇನೆ, ಇನ್ನೊಮ್ಮೆ ಹಾಕು" ಅಂದಳು. ಕಸ್ತೂರಿ ಟೇಪು ಹಿಂದಕ್ಕೆ ಓಡಿಸಿದಳು. ಧೋತರದ ಮೇಲೆ ನೀಲವ್ವ ಮತ್ತೆ ಹೇಳಿದಳು.

ಉತ್ಸವದವರು ಆ ಚಿತ್ರವನ್ನು ಇವತ್ತಿಗೂ ತೋರಿಸಿಲ್ಲ. ಧಾರವಾಡದಲ್ಲಿ, ಸೊಲ್ಲಾಪುರದಲ್ಲಿ, ಕೂಲಿಯವರ ಎಷ್ಟೋ ಓಣಿಗಳಲ್ಲಿ ಅದು ಇಡಿಯಾಗಿ ಓಡಿತು. ಕಸ್ತೂರಿ ಈಗ ಹೊಸ ಕ್ಯಾಮೆರಾಗಳಲ್ಲಿ ಬೇರೆ ಮನೆಗಳ ಕಥೆ ಹಿಡಿಯುತ್ತಾಳೆ. ನನಗೆ ಟೇಪು ಸಿಗುವುದಿಲ್ಲ, ಗಾಜಿಗೆ ಬೂಷ್ಟು ಹಿಡಿದಿದೆ. ಕಪಾಟಿನ ಮೇಲಿದ್ದೇನೆ. ಮೊನ್ನೆ ಹೋಟೆಲಿನವರೊಬ್ಬರು ಅಲಂಕಾರಕ್ಕೆಂದು ನನ್ನನ್ನು ಕೇಳಲು ಬಂದಿದ್ದರು. "ಕೊಡಾಂಗಿಲ್ರಿ" ಎಂದು ಕಸ್ತೂರಿ ಬಾಗಿಲಿನಿಂದಲೇ ಕಳಿಸಿದಳು.

ಇನ್ನು ನನಗೆ ಏನೂ ಕಾಣುವುದಿಲ್ಲ. ಆದರೆ ಕಂಡದ್ದನ್ನು ಕಂಡಿಲ್ಲವೆಂದು ನನ್ನಿಂದ ಯಾರೂ ಹೇಳಿಸಲಾರರು.