ಹನ್ನೆರಡು ಗೊಂಬೆಗಳ ಬಾಯಿ

ಗೊಂಬೆಗಳು ವಾಪಸ್ಸು ಬಂದಾಗ ಹುಬ್ಬಕ್ಕ ಬ್ರಷ್ಷು ತೊಳೆಯುತ್ತಿದ್ದಳು. ಬಟ್ಟೆ ಅಂಗಡಿಗಳ ಗಾಜಿನ ಹಿಂದೆ ಹೊಸ ಉಡುಪು ತೊಟ್ಟು ನಿಲ್ಲುತ್ತವಲ್ಲ, ಆ ಆಳೆತ್ತರದ ಗೊಂಬೆಗಳಿಗೆ ಹುಬ್ಬು, ಕಣ್ಣು, ತುಟಿ ಬರೆಯುವುದು ಹದಿನೆಂಟು ವರ್ಷದಿಂದ ಅವಳ ಕೆಲಸ. ಒಂದೇ ಎಳೆತಕ್ಕೆ ಹುಬ್ಬು ಮುಗಿಸುತ್ತಾಳೆಂದು ಕಾರ್ಖಾನೆಯವರೆಲ್ಲ ಸೇರಿ ಇಟ್ಟ ಹೆಸರು ಹುಬ್ಬಕ್ಕ. ಹುಟ್ಟಿದಾಗ ಇಟ್ಟ ಹೆಸರು ಹಿಡಿದು ಕರೆಯುತ್ತಿದ್ದವಳು ಅಮ್ಮ ಒಬ್ಬಳೇ. ಅವಳು ತೀರಿಹೋಗಿ ಎಂಟು ತಿಂಗಳಾಗಿತ್ತು.

“ಏನಕ್ಕಾ ಇದು?” ಯಜಮಾನ ಸಿಡಿಮಿಡಿಗುಟ್ಟುತ್ತ ಬಂದ. “ಹನ್ನೆರಡಕ್ಕೆ ಹನ್ನೆರಡೂ ಸೊಟ್ಟ ಬಾಯಿ! ಅಂಗಡಿಯವನು ಏನಂದ ಗೊತ್ತಾ? ನಿಮ್ಮ ಗೊಂಬೆಗಳಿಗೆ ನಮ್ಮ ಬಟ್ಟೆ ಹಿಡಿಸಲಿಲ್ಲ ಅಂತ ಕಾಣತ್ತೆ, ಮುಖ ಸಿಂಡರಿಸ್ಕೊಂಡು ನಿಂತಿವೆ ಅಂದ. ನಾಳೆ ಸಂಜೆಯೊಳಗೆ ಸರಿ ಮಾಡಿಕೊಡಿ.”

“ಆಯ್ತು,” ಅಂದಳು. ಈ ಎಂಟು ತಿಂಗಳಲ್ಲಿ ಯಾರು ಏನೇ ಹೇಳಿದರೂ ಅವಳ ಬಾಯಲ್ಲಿ ಬರುತ್ತಿದ್ದದ್ದು ಇದೊಂದೇ ಮಾತು. ಬೈದರೂ ಆಯ್ತು, ಹೊಗಳಿದರೂ ಆಯ್ತು. ನಾಚಿಕೆಯಾಗಲಿ ಸಿಟ್ಟಾಗಲಿ ಹತ್ತಿರ ಸುಳಿಯಲಿಲ್ಲ.

ಅಮ್ಮ ಲಕ್ವ ಹೊಡೆದು ಆರು ವರ್ಷ ಹಾಸಿಗೆ ಹಿಡಿದಿದ್ದಳು. ಕೆಲಸಕ್ಕೆ ಹೋಗುವ ಮುಂಚೆ ಒಂದು ಸಲ, ಊಟದ ಬಿಡುವಿನಲ್ಲಿ ಮನೆಗೆ ಓಡಿ ಒಂದು ಸಲ, ಸಂಜೆ ಒಂದು ಸಲ ಹುಬ್ಬಕ್ಕನೇ ತಿನ್ನಿಸಬೇಕಿತ್ತು. ಎರಡು ಬಸ್ಸು ಬದಲಿಸಿದರೆ ತಂಗಿಯ ಮನೆ. ಅವಳು “ನಾನು ಬಂದು ಇರ್ಲಾ ಅಕ್ಕ?” ಅಂದಾಗಲೆಲ್ಲ ಹುಬ್ಬಕ್ಕ, “ನಿಂಗೆ ಮಕ್ಕಳು ಮರಿ ಇದಾವೆ, ನಾನು ನೋಡ್ಕೋತೀನಿ ಬಿಡು,” ಅನ್ನುತ್ತಿದ್ದಳು. ತಾನೇ ಬೇಡ ಅಂದು, ಆಮೇಲೆ ತಂಗಿ ಬರಲಿಲ್ಲವೆಂದು ಹಲ್ಲು ಕಡಿಯುವುದೂ ಅವಳೇ.

ಅಮ್ಮ ಸತ್ತ ದಿನ ತಂಗಿ ನೆಲಕ್ಕೆ ಬಿದ್ದು ಗೋಳಾಡಿದಳು. ಹುಬ್ಬಕ್ಕನ ಕಣ್ಣು ಒದ್ದೆಯಾಗಲಿಲ್ಲ. ಅಮ್ಮನ ಉಸಿರು ನಿಂತಾಗ ಅವಳಿಗೆ ಹೊಳೆದ ಮೊದಲ ಮಾತು, ಇವತ್ತು ನಿದ್ದೆ ಮಾಡಬಹುದು. ಮಾಡಿಯೂಬಿಟ್ಟಳು, ಬಂದ ನೆಂಟರೆಲ್ಲ ಪಕ್ಕದ ಕೋಣೆಯಲ್ಲಿ ಕೂತಿರುವಾಗಲೇ. ಇದನ್ನು ಯಾರಿಗೂ ಹೇಳಿರಲಿಲ್ಲ. ಅಮ್ಮನ ಮೇಲೆ ನನಗೆ ಪ್ರೀತಿ ಇತ್ತೋ, ಬರೀ ಮುಗಿಯಲಿ ಅಂತ ಕಾಯುತ್ತಿದ್ದೆನೋ ಎಂಬುದು ಅವಳಿಗೇ ಗೊತ್ತಿರಲಿಲ್ಲ. ಆವತ್ತಿನಿಂದ ಒಳಗೆಲ್ಲ ಜೋಮು ಹಿಡಿದ ಹಾಗಿತ್ತು. ತಂಗಿಯಂತೂ ಮಧ್ಯಾಹ್ನ ಚಹಾ ಹೊತ್ತಿಗೆ ತಪ್ಪದೆ ಫೋನು ಮಾಡಿ, “ಇವತ್ತಾದ್ರೂ ಅತ್ತೆಯಾ ಅಕ್ಕ? ಅತ್ತುಬಿಡು, ಹಗುರಾಗ್ತೀಯ,” ಎಂದು ಮಾತ್ರೆ ನುಂಗಿದೆಯಾ ಎಂದು ಕೇಳುವಂತೆ ಕೇಳುತ್ತಿದ್ದಳು.

ಹುಬ್ಬಕ್ಕ ಗೊಂಬೆಗಳನ್ನು ಸಾಲಾಗಿ ನಿಲ್ಲಿಸಿ, ಬಟ್ಟೆಯ ಚೂರನ್ನು ಬಣ್ಣ ಕರಗಿಸುವ ಥಿನ್ನರಿನಲ್ಲಿ ಅದ್ದಿ ಒರೆಸತೊಡಗಿದಳು. ಮೊದಲು ಬಾಯಿಯ ಎಡತುದಿ, ಆಮೇಲೆ ಕೆಳತುಟಿ. ಒಂದಾಯಿತು, ಎರಡಾಯಿತು. ಮೂರನೆಯದಕ್ಕೆ ಬರುವಾಗ ಅವಳ ಎಡಗೈ ಗೊಂಬೆಯ ಗದ್ದ ಹಿಡಿದುಕೊಂಡಿತ್ತು. ಗೊಂಬೆಯ ಗದ್ದ ಯಾಕೆ ಹಿಡಿಯಬೇಕು? ಅದೇನು ತಲೆ ವಾಲಿಸುತ್ತದೆಯೇ?

“ಆಯ್ತಮ್ಮ, ಇನ್ನೊಂದೇ ತುತ್ತು.”

ಹೇಳಿದ್ದು ತಾನೇ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಕೈ ಅಲ್ಲೇ ನಿಂತಿತು. ಉಳಿದ ಒಂಬತ್ತು ಬಾಯಿಗಳನ್ನು ಒಂದೊಂದಾಗಿ ನೋಡಿದಳು. ಎಡತುದಿ ಜಗ್ಗಿ ಕೆಳಗಿಳಿದ ಅದೇ ಬಾಯಿ, ಗಂಜಿ ಸೋರುತ್ತಿದ್ದ ಅದೇ ಜಾಗ. ಅಮ್ಮನ ಬಾಯಿ. ಅಳು ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ಆದರೆ ಕೈಯನ್ನೊಮ್ಮೆ ತಿರುಗಿಸಿ ನೋಡಿಕೊಂಡಳು. ತಾನು ಮರೆತು ಕೂತಿದ್ದರೂ ಕೈ ಅಮ್ಮನನ್ನು ಬಿಟ್ಟಿರಲಿಲ್ಲ.

ಆಮೇಲೆ ನಿಧಾನವಾಗಿ ಒರೆಸಿದಳು, ಒಂದೊಂದರ ಗದ್ದವನ್ನೂ ಹಿಡಿದುಕೊಂಡೇ. ಹನ್ನೊಂದು ಗೊಂಬೆ ಮುಗಿಸಿ ನಿಲ್ಲಿಸಿದಳು. ಹನ್ನೆರಡನೆಯದನ್ನು ಗೋಡೆಯ ಕಡೆಗೆ ತಿರುಗಿಸಿಟ್ಟಳು.

ಈ ಕಸುಬಿನಲ್ಲಿ ಪ್ರತಿಯೊಬ್ಬರ ಹತ್ತಿರವೂ ಒಂದು ಕೈಗನ್ನಡಿ ಇರುತ್ತದೆ. ಗೊಂಬೆಯ ಬಾಯಿ ಬರೆಯುವ ಮುಂಚೆ ನಿನ್ನ ಬಾಯಿ ನೋಡಿಕೋ ಎಂದು ಕಲಿಸಿದವರು ಹೇಳಿದ್ದರು. ಕೈ ಪಳಗಿದೆಯೆಂಬ ಜಂಬದಲ್ಲಿ ಅವಳು ಕನ್ನಡಿಯನ್ನು ಮಗುಚಿಟ್ಟು ಬಣ್ಣದ ಡಬ್ಬಿಯ ಅಡಿಗೆ ಇಟ್ಟಿದ್ದಳು. ಈಗ ಅದನ್ನು ತೆಗೆದು ಒರೆಸಿ ಮುಖ ನೋಡಿಕೊಂಡಳು. ಕೂದಲು ಇಷ್ಟು ಬೆಳ್ಳಗಾದದ್ದು ಯಾವಾಗ? ಮೇಲಾಗಿ ಅವಳ ತುಟಿಗಳು ಕೂಡಿರಲಿಲ್ಲ, ತುಸು ತೆರೆದೇ ಇದ್ದವು. ತಿನ್ನಿಸುವವರು ಚಮಚ ಹಿಡಿದು, ಎದುರಿನವರು ಬಾಯಿ ತೆರೆಯಲಿ ಎಂದು ತಾವೇ ತೆರೆಯುತ್ತಾರಲ್ಲ, ಹಾಗೆ. ತಿನ್ನುವವರು ಹೋಗಿ ಎಂಟು ತಿಂಗಳಾದರೂ ಬಾಯಿ ಹಾಗೇ ಉಳಿದುಬಿಟ್ಟಿತ್ತು. ತನ್ನ ಮೇಲೆ ತನಗೇ ಅಯ್ಯೋ ಅನ್ನಿಸಿತು. ಏನಾದರೂ ಅನ್ನಿಸಿದ್ದು ಎಷ್ಟೋ ದಿನಗಳ ಮೇಲೆ. ಹನ್ನೊಂದು ಗೊಂಬೆಗಳಿಗೂ ಕನ್ನಡಿಯಲ್ಲಿ ಕಂಡ ಅದೇ ಬಾಯಿ ಬರೆದಳು.

ಯಜಮಾನ ಬಂದು ಕತ್ತು ಓರೆಮಾಡಿ ನೋಡಿದ. “ಏನೋ ಹೇಳೋಕೆ ಹೊರಟ ಹಾಗಿವೆ. ಇರ್ಲಿ, ಚೆನ್ನಾಗಿದೆ. ಅದೊಂದ್ಯಾಕೆ ಗೋಡೆ ನೋಡ್ತಿದೆ?”

“ನಾಳೆ ಸಂಜೆಯೊಳಗೆ ಕೊಡ್ತೀನಿ, ಯಜಮಾನ್ರೇ.”

ಚಹಾ ಹೊತ್ತಿಗೆ ಸರಿಯಾಗಿ ಫೋನು ಬಂತು. “ಇವತ್ತಾದ್ರೂ ಅತ್ತೆಯಾ ಅಕ್ಕ?”

“ಇಲ್ಲ. ಅಮ್ಮನ ಬಾಯಿ ಒರೆಸ್ದೆ.” ನಡೆದದ್ದನ್ನೆಲ್ಲ ಹೇಳಿದಳು, ಆವತ್ತು ನಿದ್ದೆ ಮಾಡಿದ್ದನ್ನೂ ಸೇರಿಸಿ.

“ಹನ್ನೊಂದು ಒರೆಸಿ ಆಯ್ತು. ಒಂದು ಉಳಿಸಿದೀನಿ.”

“ಯಾಕಕ್ಕ?”

“ನೀನು ಒಂದ್ಸಲಾನೂ ಒರೆಸಿಲ್ಲ. ನಾನೇ ಬಿಡ್ಲಿಲ್ಲ ನಿನ್ನ. ಈಗ ಬಾ.”

ಆರು ವರ್ಷದಲ್ಲಿ, ಅದರ ಮೇಲಿನ ಎಂಟು ತಿಂಗಳಲ್ಲಿ, ಅವಳು ತಂಗಿಗೆ ಬಾ ಎಂದದ್ದು ಇದೇ ಮೊದಲು. ಆ ಕಡೆ ತಂಗಿ ಬಿಕ್ಕುವುದು ಕೇಳಿಸಿತು, ಆಮೇಲೆ ಚಪ್ಪಲಿ ಹುಡುಕುವ ಸದ್ದು.

“ಅಕ್ಕಾ, ಅಲ್ಲಿ ಗೇಟಿನವನು ಯಾರು ಬೇಕು ಅಂತ ಕೇಳಿದ್ರೆ ಏನನ್ಲಿ?”

ಹುಬ್ಬಕ್ಕ ಗೋಡೆಯ ಕಡೆ ಹೋಗಿ ಗೊಂಬೆಯನ್ನು ಈ ಕಡೆ ತಿರುಗಿಸಿದಳು.

“ಅಮ್ಮನ್ನ ನೋಡೋಕೆ ಬಂದಿದೀನಿ ಅನ್ನು.”